ಮಗುವಿನ ಕೈಯಲ್ಲಿ ಫೋನು



ಸಂಜೆ ಏಳು ಗಂಟೆ. ಸೋಲದೇವನಹಳ್ಳಿಯ ಒಂದು ವಠಾರ. ಸಾಲಾಗಿ ಐದು ಮನೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ತಾಯಂದಿರು ಈಗ ತಾನೇ ಒಲೆ ಹಚ್ಚಿದ್ದಾರೆ. ಒಂದು ಮನೆಯಲ್ಲಿ ಕುಕ್ಕರ್ ಕೂಗುತ್ತಿದೆ. ಇನ್ನೊಂದು ಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದೆ. ಎಲ್ಲಾ ಸದ್ದೂ ಇದೆ. ಮಕ್ಕಳ ಗಲಾಟೆ ಮಾತ್ರ ಇಲ್ಲ.

ಮಕ್ಕಳು ಎಲ್ಲಿ?

ಮಕ್ಕಳು ಮನೆಯಲ್ಲೇ ಇದ್ದಾರೆ. ಗೋಡೆಗೆ ಒರಗಿ ಕುಂತಿದ್ದಾರೆ. ಕೈಯಲ್ಲಿ ಫೋನು. ಮುಖದ ಮೇಲೆ ಫೋನಿನ ಬೆಳಕು. ಕರೆದರೆ ತಿರುಗುವುದಿಲ್ಲ.

ಇದು ಒಂದು ವಠಾರದ ಮಾತಲ್ಲ. ನಮ್ಮೆಲ್ಲರ ಮನೆಯಲ್ಲೂ ಹೀಗೇ. ಮಗು ಅಳುತ್ತೆ, ಫೋನು ಕೊಡ್ತೀವಿ. ಮಗು ಉಣ್ಣಲ್ಲ, ಫೋನು ಕೊಡ್ತೀವಿ. ಕೆಲಸ ಆಗಬೇಕು, ಫೋನು ಕೊಡ್ತೀವಿ. ನಾವು ಸೋಮಾರಿಗಳು ಅಂತಲ್ಲ. ನಮಗೆ ಇರುವುದು ಎರಡೇ ಕೈ. ಊರಲ್ಲಿ ಅಜ್ಜಿ ಇದ್ದರು, ಅತ್ತಿಗೆ ಇದ್ದರು. ಇಲ್ಲಿ ಯಾರಿದ್ದಾರೆ?

ಆದ್ದರಿಂದ ಈ ಪಾಠದಲ್ಲಿ ಯಾರನ್ನೂ ಬಯ್ಯುವುದಿಲ್ಲ. ಫೋನಿನಿಂದ ಚಿಕ್ಕ ಮಕ್ಕಳಿಗೆ ಏನಾಗುತ್ತೆ, ಅದನ್ನು ಕಡಿಮೆ ಮಾಡುವುದು ಹೇಗೆ, ಇಷ್ಟನ್ನು ತಿಳಿದುಕೊಳ್ಳೋಣ.

ಒಬ್ಬ ಅಕ್ಕನ ಕಥೆ

ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ಬರುತ್ತಿದ್ದರು. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಹೆಸರು ಬೇಡ, ಅಕ್ಕ ಎಂದೇ ಕರೆಯೋಣ. ಅವರಿಗೆ ಎರಡೂವರೆ ವರ್ಷದ ಮಗಳು. ನೋಡಲು ಮುದ್ದಾದ ಮಗು. ಆದರೆ ಮಾತು ಬಂದಿರಲಿಲ್ಲ. ಫೋನಿನಲ್ಲಿ ಬರುವ ಹಾಡಿನ ರಾಗವನ್ನು ಗುನುಗುತ್ತಿತ್ತು. “ಅಮ್ಮಾ” ಎನ್ನುತ್ತಿರಲಿಲ್ಲ.

ಒಂದು ದಿನ ನಾವು ಕೇಳಿದೆವು, “ಮಗು ಎಷ್ಟು ಹೊತ್ತು ಫೋನು ನೋಡುತ್ತೆ ಅಕ್ಕ?”

“ಜಾಸ್ತಿ ಇಲ್ಲ. ಊಟ ಮಾಡುವಾಗ ಅಷ್ಟೇ” ಎಂದರು.

“ಮತ್ತೆ ಅಡುಗೆ ಮಾಡುವಾಗ?”

“ಆಗಲೂ ಸ್ವಲ್ಪ.”

“ಮಲಗುವಾಗ?”

ಅಕ್ಕ ಸುಮ್ಮನಾದರು. ಬೆರಳು ಮಡಿಸಿ ಲೆಕ್ಕ ಹಾಕಿದರು. ಬೆಳಿಗ್ಗೆ ತಲೆ ಬಾಚುವಾಗ ಅರ್ಧ ಗಂಟೆ. ಹಗಲಲ್ಲಿ ಪಕ್ಕದ ಮನೆಯ ಅಜ್ಜಿ ಹತ್ತಿರ ಬಿಟ್ಟಾಗ ಟಿವಿ ಎರಡು ಗಂಟೆ. ಸಂಜೆ ಅಡುಗೆ ಹೊತ್ತಿನಲ್ಲಿ ಒಂದು ಗಂಟೆ. ರಾತ್ರಿ ಊಟಕ್ಕೆ ಅರ್ಧ ಗಂಟೆ. ಮಲಗುವ ಮುಂಚೆ ಇನ್ನೊಂದು ಗಂಟೆ. ಒಟ್ಟು ಐದು ಗಂಟೆ!

“ಅಯ್ಯೋ, ಇಷ್ಟು ಆಗುತ್ತೆ ಅಂತ ನನಗೇ ಗೊತ್ತಿರಲಿಲ್ಲ” ಎಂದರು ಅಕ್ಕ.

ನಾವೂ ನಮ್ಮ ನಮ್ಮ ಮನೆ ಲೆಕ್ಕ ಹಾಕಿದೆವು. ನಮ್ಮದೂ ಕಡಿಮೆ ಏನಿರಲಿಲ್ಲ.

ಅಕ್ಕ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು. ಆಮೇಲೆ ಹೇಳಿದರು, “ಫೋನು, ಟಿವಿ ನಿಲ್ಲಿಸಿ. ಮಗು ಜೊತೆ ಮಾತಾಡಿ. ಮೂರು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ.”

“ಅಷ್ಟೇನಾ? ಔಷಧಿ ಇಲ್ವಾ?” ಎಂದರು ಅಕ್ಕ.

“ಈಗ ಇದೇ ಔಷಧಿ” ಎಂದರು ಡಾಕ್ಟರಮ್ಮ.

ಮಗು ಮಾತು ಕಲಿಯುವುದು ಹೇಗೆ?

ಫೋನೂ ಮಾತಾಡುತ್ತೆ. ದಿನವೆಲ್ಲಾ ಮಾತಾಡುತ್ತೆ. ಹಾಗಾದರೆ ಅದನ್ನು ಕೇಳಿ ಮಗು ಏಕೆ ಮಾತು ಕಲಿಯುವುದಿಲ್ಲ?

ಒಂದು ಉದಾಹರಣೆ ನೋಡೋಣ. ಫೋನಿನಲ್ಲಿ ಹಸುವಿನ ಚಿತ್ರ ಬರುತ್ತೆ. ಮಗು “ಅಂಬಾ” ಎನ್ನುತ್ತೆ. ಫೋನಿಗೆ ಅದು ಕೇಳುವುದಿಲ್ಲ. ಅದು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೆ.

ಈಗ ಬೀದಿಗೆ ಬನ್ನಿ. ಬೀದಿಯಲ್ಲಿ ಹಸು ನಿಂತಿದೆ. ಮಗು “ಅಂಬಾ” ಎನ್ನುತ್ತೆ. ನೀವು ಏನು ಹೇಳುತ್ತೀರಿ? “ಹೂಂ ಕಂದ, ಅಂಬಾ. ನೋಡು, ಹಸು ಹುಲ್ಲು ತಿಂತಾ ಇದೆ. ಅದರ ಬಾಲ ನೋಡು.” ಮಗು ಬಾಲದ ಕಡೆ ನೋಡುತ್ತೆ. “ಬಾಲ” ಎಂಬ ಮಾತು ಅದರ ಕಿವಿಗೆ ಬಿತ್ತು. ಬಾಲ ಕಣ್ಣಿಗೆ ಬಿತ್ತು. ಅಮ್ಮನ ಮುಖದಲ್ಲಿ ನಗು ಕಂಡಿತು. ಮೂರೂ ಸೇರಿ ಮಾತು ಮನಸ್ಸಿಗೆ ಇಳಿಯಿತು.

ಮಗು ಒಂದು ಸದ್ದು ಮಾಡಬೇಕು. ನಾವು ಅದಕ್ಕೆ ಉತ್ತರ ಕೊಡಬೇಕು. ಮಗು ಮತ್ತೆ ಏನೋ ಹೇಳಬೇಕು. ಮಾತಿಗೆ ಮಾತು ಕೊಡುತ್ತಾ ಹೋದರೆ ಮಗು ಮಾತು ಕಲಿಯುತ್ತೆ. ಫೋನು ಮಾತಾಡುತ್ತೆ. ಆದರೆ ಮಗುವಿನ ಮಾತಿಗೆ ಮಾತು ಕೊಡುವುದಿಲ್ಲ.

ಹುಟ್ಟಿದ ಮೊದಲ ಐದು ವರ್ಷದಲ್ಲಿ ಮಗುವಿನ ಮೆದುಳು ಬಹಳ ಬೇಗ ಬೆಳೆಯುತ್ತೆ. ಮುಟ್ಟಿ, ಬಾಯಿಗಿಟ್ಟು, ಓಡಿ, ಬಿದ್ದು, ಕೇಳಿ ಮಗು ಕಲಿಯುವ ಕಾಲ ಅದು. ಆ ಹೊತ್ತನ್ನು ಫೋನು ತಿಂದುಬಿಟ್ಟರೆ ಕಲಿಯುವುದು ಯಾವಾಗ?

“ನನಗೇನು ಬರುತ್ತೆ? ಫೋನೇ ಕಲಿಸಲಿ”

ಅಕ್ಕ ಆಸ್ಪತ್ರೆಯಿಂದ ಬಂದ ಸಂಜೆ ನಮ್ಮ ಹತ್ತಿರ ಒಂದು ಮಾತು ಹೇಳಿದರು. “ನಾನು ಸ್ಕೂಲಿಗೆ ಹೋದವಳಲ್ಲ. ನನಗೆ ಎ ಬಿ ಸಿ ಡಿ ಬರಲ್ಲ. ಫೋನಿಗೆ ಎಲ್ಲಾ ಬರುತ್ತೆ. ಅದು ಇಂಗ್ಲಿಷ್ ಹಾಡು ಹೇಳಿಕೊಡುತ್ತೆ. ನನ್ನ ಮಗಳು ನನ್ನ ಹಾಗೆ ಆಗಬಾರದು ಅಂತಾನೇ ಫೋನು ಕೊಟ್ಟೆ.”

ಈ ಮಾತು ಕೇಳಿ ನಮಗೆ ಬಹಳ ಹೊತ್ತು ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಈ ಮಾತು ಇದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಅಕ್ಕಂದಿರೇ, ಎರಡು ವರ್ಷದ ಮಗುವಿಗೆ ಎ ಬಿ ಸಿ ಡಿ ಬೇಕಾಗಿಲ್ಲ. ಅದಕ್ಕೆ ಮಾತು ಬೇಕು. ಆ ಮಾತು ನಮ್ಮ ಹತ್ತಿರ ಬೇಕಾದಷ್ಟಿದೆ. ಅವರೆಕಾಯಿ ಬಿಡಿಸುವಾಗ ನಮಗೆ ಮಾತು ಬರುತ್ತೆ. ಮುದ್ದೆ ಕಟ್ಟುವಾಗ ಮಾತು ಬರುತ್ತೆ. ಜೋಗುಳ ಬರುತ್ತೆ. ಒಗಟು ಬರುತ್ತೆ. ಕಾಗೆ ಗುಬ್ಬಿ ಕಥೆ ಬರುತ್ತೆ. ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ, ನಾವು ಹುಟ್ಟಿನಿಂದ ಆಡಿದ ಮಾತೇ ಮಗುವಿಗೆ ಮೊದಲ ಪಾಠ. ಮನೆಮಾತು ಗಟ್ಟಿಯಾದರೆ ಮುಂದೆ ಇಂಗ್ಲಿಷೂ ಸಲೀಸಾಗಿ ಬರುತ್ತೆ.

ಇನ್ನೊಂದು ಮಾತು. ಈಗ ನಾವು ಈ ಪುಟ ಓದುತ್ತಿದ್ದೇವೆ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಓದಬಹುದು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರೂ ಪರವಾಗಿಲ್ಲ. ಅಮ್ಮ ತಡವರಿಸಿದರೆ ಮಗು ನಗುವುದಿಲ್ಲ.

ತಿಳಿದವರು ಏನು ಹೇಳುತ್ತಾರೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಸಲಹೆ ಕೊಟ್ಟಿತು. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘವಾದ ಐಎಪಿ 2022ರಲ್ಲಿ ತನ್ನ ಸಲಹೆ ಪ್ರಕಟಿಸಿತು. ಎರಡರ ಸಾರವೂ ಹೆಚ್ಚು ಕಡಿಮೆ ಒಂದೇ.

ಎರಡು ವರ್ಷ ತುಂಬುವವರೆಗೆ: ಫೋನು ಬೇಡ, ಟಿವಿ ಬೇಡ. ದೂರದ ಊರಿನ ಅಜ್ಜಿ ತಾತನ ಜೊತೆ ಆಗಾಗ ವಿಡಿಯೋ ಕಾಲ್ ಮಾಡಿದರೆ ಅಡ್ಡಿಯಿಲ್ಲ ಎಂದು ನಮ್ಮ ಡಾಕ್ಟರುಗಳ ಸಂಘ ಹೇಳಿದೆ. ಅಲ್ಲಿ ಮಾತಿಗೆ ಮಾತು ಕೊಡುವವರು ಇದ್ದಾರಲ್ಲ!

ಎರಡರಿಂದ ಐದು ವರ್ಷ: ಎಲ್ಲಾ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು. ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡವರು ಪಕ್ಕದಲ್ಲಿ ಕೂತಿರಬೇಕು.

ಒಂದು ಗಂಟೆ ಅಂದರೆ ಅಷ್ಟು ಕೊಡಲೇಬೇಕು ಅಂತಲ್ಲ. ಅದು ಮೇಲಿನ ಗೆರೆ. ಅದರ ಮೇಲೆ ಹೋಗಬಾರದು. ಟಿವಿ ನೋಡಿದ ಹೊತ್ತೂ ಈ ಲೆಕ್ಕಕ್ಕೆ ಸೇರುತ್ತೆ.

ಹಾಗಾದರೆ ಮಗುವಿಗೆ ಏನು ಬೇಕು? ಅದನ್ನೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು ಮೂರು ಗಂಟೆ ಓಡಾಡಿ ಆಡಬೇಕು. ಅದರಲ್ಲಿ ಒಂದು ಗಂಟೆ ಏದುಸಿರು ಬರುವ ಹಾಗೆ ಆಡಬೇಕು. ರಾತ್ರಿ, ಹಗಲು ಸೇರಿ 10ರಿಂದ 13 ಗಂಟೆ ನಿದ್ದೆ ಮಾಡಬೇಕು. ಒಂದು ಎರಡು ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು.

ಫೋನು ಹೆಚ್ಚಾದರೆ ಏನಾಗುತ್ತೆ? ಮಲಗುವ ಹೊತ್ತಿನಲ್ಲಿ ಫೋನು ನೋಡಿದ ಮಗುವಿಗೆ ನಿದ್ದೆ ಬೇಗ ಹತ್ತುವುದಿಲ್ಲ. ಫೋನು ನೋಡುತ್ತಾ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಹಸಿದಿದ್ದೂ ಗೊತ್ತಾಗುವುದಿಲ್ಲ. ಮನೆಯೊಳಗೇ ಕೂತು ಬೆಳೆದ ಮಕ್ಕಳಿಗೆ ದೂರದ ದೃಷ್ಟಿ ಮಂದವಾಗುವುದು ಹೆಚ್ಚು. ಹಗಲು ಬೆಳಕಿನಲ್ಲಿ ಹೊರಗೆ ಆಡಿದರೆ ಕಣ್ಣಿಗೆ ಒಳ್ಳೆಯದು.

ಈ ಅಭ್ಯಾಸ ಎಲ್ಲಿಂದ ಬಂತು?

ಕೊರೋನಾ ಕಾಲ ನೆನಪಿದೆಯೇ? 2020ರಲ್ಲಿ ಶಾಲೆ, ಅಂಗನವಾಡಿ ಎಲ್ಲಾ ಮುಚ್ಚಿದವು. ಎಲ್‌ಕೆಜಿ ಮಕ್ಕಳಿಗೂ ಕೆಲವು ಶಾಲೆಗಳು ಫೋನಿನಲ್ಲೇ ಪಾಠ ಶುರು ಮಾಡಿದವು. ಇಷ್ಟು ಚಿಕ್ಕ ಮಕ್ಕಳಿಗೆ ಇದು ಬೇಕೇ ಎಂಬ ಪ್ರಶ್ನೆ ಎದ್ದಿತು. ಆ ವರ್ಷ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡ ಎಂದಿತು. ಕೆಲವರು ಕೋರ್ಟಿಗೆ ಹೋದರು. ಜುಲೈನಲ್ಲಿ ಹೈಕೋರ್ಟು ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು.

ಆ ಕಾಲ ಹೋಯಿತು. ಶಾಲೆಗಳು ತೆರೆದವು. ಆದರೆ ಮಕ್ಕಳ ಕೈಗೆ ಬಂದ ಫೋನು ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯಿತು.

ಇನ್ನೊಂದು ಕಾರಣವೂ ಇದೆ. ಕಥೆಗೆ ಒಂದು ಕೊನೆ ಇರುತ್ತೆ. ಊಟಕ್ಕೆ ಒಂದು ಕೊನೆ ಇರುತ್ತೆ. ಫೋನಿನ ವಿಡಿಯೋಗೆ ಕೊನೆ ಇಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಬರುತ್ತೆ. ಅದನ್ನು ಹಾಗೇ ಮಾಡಿಟ್ಟಿದ್ದಾರೆ. ದೊಡ್ಡವರಾದ ನಮಗೇ ಫೋನು ಕೆಳಗಿಡಲು ಆಗುವುದಿಲ್ಲ. ಮಗು ಹೇಗೆ ಬಿಟ್ಟೀತು?

ಕೆರೆಗೆ ತೂಬು, ಫೋನಿಗೆ ಹೊತ್ತು

ನಮ್ಮ ಊರಿನ ಹತ್ತಿರ ಹೆಸರಘಟ್ಟದ ಕೆರೆ ಇದೆ. ಅರ್ಕಾವತಿ ನದಿಯ ನೀರಿನ ಕೆರೆ. 1890ರ ದಶಕದಲ್ಲಿ ಆ ಕೆರೆಯಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಶುರು ಮಾಡಿದರು. ಕೆರೆಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಇಲ್ಲಿಂದ ಯಂತ್ರದಿಂದ ಎತ್ತಿ ಪೇಟೆಗೆ ಕಳಿಸುತ್ತಿದ್ದರು.

ಕೆರೆಯ ನೀರು ಊರಿಗೆ ಬೇಕು. ಹಾಗೆಂದು ಏರಿ ಒಡೆದು ಬಿಡುತ್ತಾರೆಯೇ? ಇಲ್ಲ. ತೂಬು ಇಡುತ್ತಾರೆ. ಬೇಕಾದಷ್ಟು ಬಿಟ್ಟು ಮುಚ್ಚುತ್ತಾರೆ. ತೂಬು ಇಲ್ಲದ ಕೆರೆ ಊರು ಕೊಚ್ಚಿಕೊಂಡು ಹೋಗುತ್ತೆ.

ಫೋನೂ ಹಾಗೆಯೇ. ಫೋನು ನಮಗೆ ಬೇಕು. ಕೆಲಸಕ್ಕೆ ಬೇಕು, ಊರಿಗೆ ಮಾತಾಡಲು ಬೇಕು, ದುಡ್ಡು ಕಳಿಸಲು ಬೇಕು. ಮನೆಯಿಂದ ಹೊರಗೆ ಎಸೆಯಲು ಆಗುವುದಿಲ್ಲ. ಆದರೆ ಮಗುವಿನ ಕೈಗೆ ಕೊಡುವಾಗ ಅದಕ್ಕೊಂದು ತೂಬು ಬೇಕು. ಯಾವ ಹೊತ್ತು, ಎಷ್ಟು ಹೊತ್ತು, ಯಾರ ಜೊತೆ ಎಂದು ಮೊದಲೇ ಗೊತ್ತು ಮಾಡಬೇಕು.

ಅಭ್ಯಾಸ ಬಿಡಿಸುವುದು ಹೇಗೆ?

ಅಕ್ಕ ಏನು ಮಾಡಿದರು? ಮೊದಲ ದಿನ ಫೋನನ್ನು ಕಿತ್ತುಕೊಂಡು ಬೀರುವಿನ ಮೇಲೆ ಇಟ್ಟರು. ಮಗು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಿತು. ಅರ್ಧ ಗಂಟೆ ಅತ್ತಿತು. ಅಕ್ಕನಿಗೆ ತಡೆಯಲಾಗಲಿಲ್ಲ. ಮತ್ತೆ ಫೋನು ಕೊಟ್ಟುಬಿಟ್ಟರು.

ಇದರಿಂದ ಮಗು ಏನು ಕಲಿಯಿತು? ಅರ್ಧ ಗಂಟೆ ಅತ್ತರೆ ಫೋನು ಸಿಗುತ್ತೆ ಎಂದು ಕಲಿಯಿತು!

ಬರೀ ಕಿತ್ತುಕೊಂಡರೆ ಆಗುವುದಿಲ್ಲ. ಆ ಜಾಗದಲ್ಲಿ ಬೇರೆ ಏನಾದರೂ ಕೊಡಬೇಕು. ನಾವೆಲ್ಲ ಕೂತು ಮಾತಾಡಿದೆವು. ಒಂದೊಂದು ಹೊತ್ತಿಗೂ ಒಂದೊಂದು ದಾರಿ ಹುಡುಕಿದೆವು.

1. ಊಟದ ಹೊತ್ತು. ಮೊದಲು ಈ ಹೊತ್ತಿನ ಫೋನು ನಿಲ್ಲಿಸಿ. ಮಗುವನ್ನು ನಮ್ಮ ಜೊತೆ ಕೂರಿಸಿ. ಅದಕ್ಕೂ ಒಂದು ಚಿಕ್ಕ ತಟ್ಟೆ ಇಡಿ. ತಾನೇ ಕೈ ಹಾಕಿ ತಿನ್ನಲಿ. ಚೆಲ್ಲಿದರೆ ಚೆಲ್ಲಲಿ, ಒರೆಸಿದರಾಯಿತು. ಎರಡು ಮೂರು ದಿನ ಕಡಿಮೆ ತಿನ್ನಬಹುದು. ಹೆದರಬೇಡಿ. ಆರೋಗ್ಯವಾಗಿರುವ ಮಗು ಹಸಿವಾದರೆ ತಿನ್ನುತ್ತೆ. ತೂಕ ಕಡಿಮೆ ಇರುವ ಮಗುವಾದರೆ ಅಂಗನವಾಡಿ ಟೀಚರನ್ನೋ ಡಾಕ್ಟರನ್ನೋ ಕೇಳಿ.

2. ಅಡುಗೆ ಹೊತ್ತು. ಇದೇ ಬಹಳ ಕಷ್ಟದ ಹೊತ್ತು. ಒಲೆಯಿಂದ ದೂರ, ಆದರೆ ನಮ್ಮ ಕಣ್ಣಿಗೆ ಕಾಣುವ ಹಾಗೆ ಮಗುವನ್ನು ಕೂರಿಸಿ. ಸೌಟು, ಮುಚ್ಚಳ, ಸ್ಟೀಲ್ ಲೋಟ ಕೊಡಿ. ಬಡಿಯಲಿ. ಒಂದು ಉಂಡೆ ಹಿಟ್ಟು ಕೊಡಿ. ತಟ್ಟಲಿ. ಮೂರು ವರ್ಷ ದಾಟಿದ ಮಗು ಸೊಪ್ಪು ಬಿಡಿಸುತ್ತೆ, ಈರುಳ್ಳಿ ಎಣಿಸಿ ಕೊಡುತ್ತೆ. ಕಾಳು, ಬೀಜ, ಕಡ್ಲೆ ಮಾತ್ರ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ನಾವು ಕೈಯಲ್ಲಿ ಕೆಲಸ ಮಾಡುತ್ತಾ ಬಾಯಲ್ಲಿ ಮಾತಾಡಬಹುದು. “ಅಮ್ಮ ಏನು ಹೆಚ್ತಾ ಇದ್ದಾಳೆ? ಟೊಮೆಟೊ. ಯಾವ ಬಣ್ಣ? ಕೆಂಪು.” ಇದೇ ಪಾಠ.

3. ಮಲಗುವ ಹೊತ್ತು. ಮಲಗಲು ಒಂದು ಗಂಟೆ ಮುಂಚೆ ಫೋನು, ಟಿವಿ ಎರಡೂ ಬಂದ್. ದೀಪ ಸಣ್ಣದು ಮಾಡಿ. ಒಂದು ಕಥೆ ಹೇಳಿ. ದಿನವೂ ಅದೇ ಕಥೆ ಆದರೂ ಸರಿ. ಮಕ್ಕಳಿಗೆ ಕೇಳಿದ ಕಥೆಯೇ ಇಷ್ಟ.

4. ಹೊರಗಿನ ಆಟ. ದಿನವೂ ಸ್ವಲ್ಪ ಹೊತ್ತು ಬೀದಿಯಲ್ಲೋ ಬಯಲಲ್ಲೋ ಆಡಲಿ. ಮಣ್ಣು, ನೀರು, ಕೋಲು, ಖಾಲಿ ಡಬ್ಬ ಸಾಕು. ಕಣ್ಣಾಮುಚ್ಚಾಲೆ ಆಡಲಿ. ದುಡ್ಡು ಕೊಟ್ಟು ಆಟದ ಸಾಮಾನು ತರಬೇಕಾಗಿಲ್ಲ. ಗಾಡಿ ಓಡಾಡುವ ಬೀದಿಯಾದರೆ ಒಬ್ಬರು ದೊಡ್ಡವರು ನಿಂತಿರಬೇಕು. ವಠಾರದ ತಾಯಂದಿರು ಸರದಿ ಮಾಡಿಕೊಳ್ಳಬಹುದು. ಇವತ್ತು ನೀವು, ನಾಳೆ ನಾವು.

5. ಅಂಗನವಾಡಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಆಟ, ಹಾಡು, ಕಥೆ, ಊಟ ಎಲ್ಲಾ ಇದೆ. ದುಡ್ಡು ಕೊಡಬೇಕಾಗಿಲ್ಲ. ನಮ್ಮ ದೇಶದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಮನೆಯಲ್ಲಿ ಟಿವಿ ಮುಂದೆ ಕೂರುವ ಮಗು ಅಲ್ಲಿ ಇನ್ನೂ ಹತ್ತು ಮಕ್ಕಳ ಜೊತೆ ಆಡುತ್ತೆ.

ಫೋನು ಕೊಡುವಾಗ ಏನು ನೆನಪಿಡಬೇಕು?

ಎರಡು ವರ್ಷ ದಾಟಿದ ಮಗುವಿಗೆ ಸ್ವಲ್ಪ ಹೊತ್ತು ಕೊಡುತ್ತೀರಿ ಅನ್ನೋಣ. ಆಗ ಹೀಗೆ ಮಾಡಿ.

ಮೊದಲೇ ಹೇಳಿ. ಚಿಕ್ಕ ಮಗುವಿಗೆ “ಹತ್ತು ನಿಮಿಷ” ಅಂದರೆ ತಿಳಿಯುವುದಿಲ್ಲ. “ಎರಡು ಹಾಡು. ಆಮೇಲೆ ಫೋನು ಮಲಗುತ್ತೆ” ಎನ್ನಿ. ಎರಡನೇ ಹಾಡು ಮುಗಿಯುವಾಗ ಮತ್ತೆ ನೆನಪಿಸಿ. ಮುಗಿದ ಕೂಡಲೇ ತೆಗೆದುಕೊಳ್ಳಿ. ತೆಗೆದುಕೊಂಡ ಕೂಡಲೇ ಕೈಗೆ ಬೇರೆ ಕೆಲಸ ಕೊಡಿ. “ಬಾ, ಗಿಡಕ್ಕೆ ನೀರು ಹಾಕೋಣ.”

ಅತ್ತರೆ ಹೊಡೆಯಬೇಡಿ. ಹತ್ತಿರ ಕೂರಿ. “ಫೋನು ಬೇಕಿತ್ತು, ಅಲ್ವಾ? ಸಿಟ್ಟು ಬಂತಾ?” ಎನ್ನಿ. ಆದರೆ ಫೋನು ಕೊಡಬೇಡಿ. ಕೆಲವು ದಿನ ಅಳು ಜೋರಾಗಿರುತ್ತೆ. ಹಿಡಿದ ಮಾತು ಬಿಡದೆ ಇದ್ದರೆ ಅಳು ಕಡಿಮೆಯಾಗುತ್ತೆ.

“ಜಾಣನಾದರೆ ಫೋನು ಕೊಡ್ತೀನಿ” ಎನ್ನಬೇಡಿ. ಹಾಗೆಂದರೆ ಫೋನೇ ಬಹಳ ದೊಡ್ಡದು ಎಂದು ಮಗು ತಿಳಿಯುತ್ತೆ.

ವಿಡಿಯೋ ತಾನಾಗಿ ಮುಂದೆ ಹೋಗುವುದನ್ನು ಫೋನಿನಲ್ಲಿ ನಿಲ್ಲಿಸಬಹುದು. ಅದಕ್ಕೆ ‘ಆಟೋಪ್ಲೇ’ ಎನ್ನುತ್ತಾರೆ. ತುಂಬಾ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂಬ ಜಾಗ ಇರುತ್ತೆ. ಇವತ್ತು ಫೋನನ್ನು ಎಷ್ಟು ಗಂಟೆ ನೋಡಿದ್ದಾರೆ ಎಂದು ಅಲ್ಲಿ ಅಂಕಿಯಲ್ಲಿ ತೋರಿಸುತ್ತೆ. ನಮಗೆ ಈಗ ಅಂಕಿ ಓದಲು ಬರುತ್ತೆ. ದಿನಕ್ಕೊಮ್ಮೆ ತೆಗೆದು ಓದೋಣ.

ಮನೆಯವರೆಲ್ಲ ಸೇರಬೇಕು

ಅಕ್ಕ ಒಬ್ಬರೇ ಹಟ ಹಿಡಿದರೆ ಸಾಕೇ? ಸಾಲದು. ಅಕ್ಕ ಹಗಲೆಲ್ಲಾ ಕೆಲಸದಲ್ಲಿ ಇರುತ್ತಾರೆ. ಪಕ್ಕದ ಮನೆ ಅಜ್ಜಿ ಟಿವಿ ಹಾಕುತ್ತಾರೆ. ಅಕ್ಕನ ಯಜಮಾನರು ರಾತ್ರಿ ಬಂದು ಮಂಚದ ಮೇಲೆ ಮಲಗಿ ಫೋನಿನಲ್ಲಿ ರೀಲ್ಸ್ ನೋಡುತ್ತಾರೆ. ಮಗು ಓಡಿಹೋಗಿ ಅವರ ಪಕ್ಕ ಮಲಗುತ್ತೆ.

ಒಂದು ರಾತ್ರಿ ಅಕ್ಕ ಯಜಮಾನರಿಗೆ ಹೇಳಿದರು, “ಮಗೀಗೆ ಮಾತು ಬರಬೇಕಾ ಬೇಡ್ವಾ?”

“ನಾನೇನು ಮಾಡಿದೆ? ದಿನವೆಲ್ಲಾ ದುಡಿದು ಬರ್ತೀನಿ. ಒಂದು ಗಳಿಗೆ ನೋಡಬಾರದಾ?”

“ನಾನೂ ದುಡಿದೇ ಬರ್ತೀನಿ. ನೋಡಬೇಡಿ ಅಂತ ಅಲ್ಲ. ಮಗು ಮಲಗಿದ ಮೇಲೆ ನೋಡಿ. ಅಲ್ಲೀತನಕ ಅವಳನ್ನ ಎತ್ತಿಕೊಂಡು ರೈಲ್ವೆ ಸ್ಟೇಷನ್ ಕಡೆ ಒಂದು ಸುತ್ತು ಹೋಗಿಬನ್ನಿ. ನಾನು ಅಡುಗೆ ಮುಗಿಸ್ತೀನಿ.”

ಅವರು ಗೊಣಗುತ್ತಲೇ ಹೋದರು. ಅಂದು ಒಂದು ರೈಲು ಬಂತು. ಮಗು ಅಪ್ಪನ ಹೆಗಲ ಮೇಲೆ ಕೂತು ರೈಲು ನೋಡಿತು. ಮರುದಿನ ಸಂಜೆ ಅಪ್ಪನ ಚಪ್ಪಲಿ ತಾನೇ ತಂದು ಬಾಗಿಲಲ್ಲಿ ಇಟ್ಟಿತು. ಆಮೇಲೆ ಅವರೂ ತಪ್ಪಿಸಲಿಲ್ಲ.

ಅಜ್ಜಿಯ ಹತ್ತಿರ ಅಕ್ಕ ಜಗಳ ಆಡಲಿಲ್ಲ. “ಅಜ್ಜಿ, ಡಾಕ್ಟರು ಟಿವಿ ಬೇಡ ಅಂದಿದ್ದಾರೆ. ನಿಮಗೆ ಬರೋ ಹಾಡು, ಕಥೆ ಇವಳಿಗೆ ಹೇಳಿ” ಎಂದರು. ಅಜ್ಜಿಗೆ ಖುಷಿಯಾಯಿತು. ಆದರೂ ಅವರ ಧಾರಾವಾಹಿ ಬಿಡಲು ಆಗಲಿಲ್ಲ. ಎರಡು ಗಂಟೆ ಇದ್ದದ್ದು ಅರ್ಧ ಗಂಟೆಗೆ ಇಳಿಯಿತು. ಅದೂ ಒಂದು ಗೆಲುವೇ.

ಮಗು ನಾವು ಹೇಳಿದ್ದನ್ನು ಮಾಡುವುದಿಲ್ಲ, ನಾವು ಮಾಡಿದ್ದನ್ನು ಮಾಡುತ್ತೆ. ನಮ್ಮ ಕೈಯಲ್ಲಿ ಯಾವಾಗಲೂ ಫೋನು ಇದ್ದರೆ ಅದಕ್ಕೂ ಅದೇ ಬೇಕು.

ಡಾಕ್ಟರಿಗೆ ಯಾವಾಗ ತೋರಿಸಬೇಕು?

ಮಾತು ತಡವಾದರೆ ಅದಕ್ಕೆಲ್ಲಾ ಫೋನೇ ಕಾರಣ ಎನ್ನಲಾಗದು. ಕಿವಿ ಕೇಳಿಸದೆ ಇರಬಹುದು. ಬೇರೆ ತೊಂದರೆಯೂ ಇರಬಹುದು. “ಅವರಪ್ಪನೂ ತಡವಾಗಿ ಮಾತಾಡಿದ್ದು” ಎಂದು ಸುಮ್ಮನೆ ಕೂರಬಾರದು. ಈ ಕೆಳಗಿನಂತೆ ಇದ್ದರೆ ತೋರಿಸಿ.

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗಿ ನೋಡುವುದಿಲ್ಲ.

ಒಂದೂವರೆ ವರ್ಷವಾದರೂ ಒಂದೂ ಮಾತಿಲ್ಲ.

ಎರಡು ವರ್ಷ ತುಂಬಿದರೂ “ಅಮ್ಮಾ ಬಾ”, “ಹಾಲು ಬೇಕು” ಎಂದು ಎರಡು ಮಾತು ಕೂಡಿಸುವುದಿಲ್ಲ.

ಬರುತ್ತಿದ್ದ ಮಾತು ನಿಂತುಹೋಗಿದೆ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ವೈದ್ಯರ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತೆ. ಅವರು ಬರುವ ದಿನ ಯಾವುದು ಎಂದು ಅಂಗನವಾಡಿ ಟೀಚರನ್ನು ಕೇಳಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಮತ್ತು ಕಿವಿಯ ತೊಂದರೆಗೆ ಅಲ್ಲಿ ತಪಾಸಣೆ, ಚಿಕಿತ್ಸೆ ಇದೆ.

ದೊಡ್ಡ ಮಕ್ಕಳಿಗೆ, ದೊಡ್ಡವರಿಗೆ ಫೋನಿನ ಗೀಳು ಹತ್ತಿದರೆ ಅದಕ್ಕೂ ಸಹಾಯ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ 2014ರಲ್ಲಿ ಇದಕ್ಕಾಗಿಯೇ ಒಂದು ಕ್ಲಿನಿಕ್ ಶುರು ಮಾಡಿತು. ಅದರ ಹೆಸರು ‘ಶಟ್ ಕ್ಲಿನಿಕ್’. ಮನಸ್ಸಿಗೆ ಬಹಳ ಬೇಸರವಾದರೆ, ಮನೆ ನಿಭಾಯಿಸಲು ಆಗುತ್ತಿಲ್ಲ ಅನಿಸಿದರೆ 14416ಕ್ಕೆ ಫೋನು ಮಾಡಿ. ಇದು ಸರ್ಕಾರದ ‘ಟೆಲಿ ಮಾನಸ್’ ಸೇವೆ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಗೋಡೆಯ ಮೇಲಿನ ಚೀಟಿ

ಅಕ್ಕ ಮತ್ತೇನು ಮಾಡಿದರು ಗೊತ್ತೇ? ನೋಟ್ ಬುಕ್ಕಿನ ಒಂದು ಹಾಳೆ ಹರಿದರು. ದಪ್ಪ ಅಕ್ಷರದಲ್ಲಿ ತಾವೇ ಬರೆದರು. ಬರೆಯಲು ಅರ್ಧ ಗಂಟೆ ಹಿಡಿಯಿತು. ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದರು.

ಊಟಕ್ಕೆ ಫೋನು ಇಲ್ಲ.
ಮಲಗುವಾಗ ಫೋನು ಇಲ್ಲ.
ದಿನಾ ಒಂದು ಕಥೆ.

ಅಕ್ಕ ಆ ಮನೆಗೆ ಬರೆದ ಮೊದಲ ಬರಹ ಅದು. ಯಜಮಾನರು ನಿಂತು ಓದಿದರು. “ನೀನೇ ಬರೆದ್ಯಾ?” ಎಂದರು. ಪಕ್ಕದ ಮನೆಯವರು ಬಂದು ನೋಡಿದರು. ಅವರೂ ಒಂದು ಬರೆಸಿಕೊಂಡು ಹೋದರು.

ಮೂರು ತಿಂಗಳಾಯಿತು. ಮಗಳು ಪಟಪಟ ಮಾತಾಡಿದಳೇ? ಇಲ್ಲ. ಅಂತಹ ಪವಾಡ ಏನೂ ಆಗಲಿಲ್ಲ. ಆದರೆ ಕರೆದರೆ ತಿರುಗುತ್ತಿದ್ದಳು. “ಅಮ್ಮಾ”, “ಬಾ”, “ನೀರು”, “ರೈಲು” ಎನ್ನುತ್ತಿದ್ದಳು. ಅಕ್ಕ ಬೆರಳು ಮಡಿಸಿ ಎಣಿಸಿದರು. ಹದಿನಾಲ್ಕು ಮಾತು. ಡಾಕ್ಟರಮ್ಮ “ದಾರಿ ಸರಿಯಾಗಿದೆ, ಬಿಡಬೇಡಿ. ಮಾತು ಕಲಿಸುವವರಿಗೂ ಒಮ್ಮೆ ತೋರಿಸೋಣ” ಎಂದು ಚೀಟಿ ಬರೆದುಕೊಟ್ಟರು.

ಈಗಲೂ ಕೆಲವು ದಿನ ಅಕ್ಕನಿಗೆ ಆಗುವುದಿಲ್ಲ. ಓವರ್‌ಟೈಮ್ ಮಾಡಿ ಬಂದ ದಿನ ಕಾಲು ಬಿದ್ದುಹೋಗುತ್ತೆ. ಆ ದಿನ ಫೋನು ಕೊಟ್ಟುಬಿಡುತ್ತಾರೆ. ಪರವಾಗಿಲ್ಲ. ಒಂದು ದಿನ ತಪ್ಪಿದರೆ ಎಲ್ಲಾ ಕೆಡುವುದಿಲ್ಲ. ನಾಳೆ ಮತ್ತೆ ಶುರು ಮಾಡೋಣ.

ಮೊನ್ನೆ ಅಕ್ಕ ನಗುತ್ತಾ ಹೇಳಿದರು. “ರಾತ್ರಿ ಪಾಠದ ಪುಸ್ತಕ ಓದ್ತಾ ಇದ್ದೆ. ಅವಳು ಬಂದು ತೊಡೆ ಮೇಲೆ ಕುಂತಳು. ನನ್ನ ಬೆರಳು ಹಿಡಿದು ಅಕ್ಷರದ ಮೇಲೆ ಇಟ್ಟು ‘ಹೇಳು’ ಅಂದಳು.”

ಅದು ಅವಳ ಹದಿನೈದನೇ ಮಾತು.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯ ಮಗು ನಿನ್ನೆ ಎಷ್ಟು ಹೊತ್ತು ಫೋನು, ಟಿವಿ ನೋಡಿತು? ಕೂಡಿ ಬರೆಯಿರಿ.

2. ಯಾವ ಹೊತ್ತಿನಲ್ಲಿ ಫೋನು ಕೊಡದೆ ಇರುವುದು ನಿಮಗೆ ಬಹಳ ಕಷ್ಟ? ಗುಂಪಿನಲ್ಲಿ ಹೇಳಿ. ಬೇರೆಯವರು ಏನು ಮಾಡುತ್ತಾರೆ, ಕೇಳಿ.

3. ನಿಮ್ಮ ಅಜ್ಜಿ ನಿಮಗೆ ಹೇಳಿದ ಒಂದು ಕಥೆ ನೆನಪು ಮಾಡಿಕೊಳ್ಳಿ. ಇವತ್ತು ರಾತ್ರಿ ಮಗುವಿಗೆ ಹೇಳಿ.

4. ನಿಮ್ಮ ಮನೆಯ ಗೋಡೆಗೆ ಒಂದು ಚೀಟಿ ಬರೆಯಿರಿ. ಮೂರು ಸಾಲು ಸಾಕು. ನೀವೇ ಬರೆಯಿರಿ.